ಅಂಗಳದ ಹಾಡಿಗೆ ಉತ್ತರ ಕೊಡುವವರು ಯಾರು?

ಪಂಜಾಬಿನ ಮದುವೆಯಲ್ಲಿ ಯಾವ ಹಾಡು ಯಾವ ಮನೆಯದೆಂಬುದು ಎಲ್ಲರಿಗೂ ಗೊತ್ತು. ಹೆಣ್ಣಿನ ಮನೆಯಲ್ಲಿ ಹಾಡುವುದು ಸುಹಾಗ್, ಗಂಡಿನ ಮನೆಯಲ್ಲಿ ಘೋಡಿ. ದಿಬ್ಬಣ ಬಂದು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಗಂಡಿನವರನ್ನು ಹಂಗಿಸಿ, ಹೀಯಾಳಿಸಿ ಹಾಡುವುದು ಸಿಠ್ಣಿ. ನಮ್ಮ ಬೀಗರ ಹಾಡು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿದ್ಧಾ ಕುಣಿತದಲ್ಲಿ ಒಬ್ಬಳು ಬೋಲಿ ಎತ್ತಿದರೆ ಸುತ್ತ ನಿಂತವರು ಕೊನೆಯ ಸಾಲು ಹಿಡಿದು ಚಪ್ಪಾಳೆ ತಟ್ಟುತ್ತಾರೆ. ಎದುರಿಗೆ ಯಾರೋ ಇದ್ದಾರೆ, ಅವರು ತಿರುಗಿ ಏನಾದರೂ ಹೇಳುತ್ತಾರೆ ಎಂಬ ನಂಬಿಕೆಯಲ್ಲಿ ಹುಟ್ಟಿದ ಹಾಡುಗಳಿವು.

ಇಂಥ ಹಾಡು ಸಿನಿಮಾಕ್ಕೋ ಮೊಬೈಲಿಗೋ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ‘ಇದು ಅಸಲಿಯೋ, ಕೆಡಿಸಿದ್ದೋ’ ಎಂದು. ನನಗೆ ಈ ಪ್ರಶ್ನೆಯಲ್ಲಿ ಹುರುಳು ಕಾಣುವುದಿಲ್ಲ. ಜನಪದ ಎಂದೂ ಒಂದೇ ಪಾಠದಲ್ಲಿ ನಿಂತದ್ದಲ್ಲ. ಕೇಳಬೇಕಾದ್ದು ಬೇರೆ: ಈಗ ಯಾರು ಯಾರಿಗೆ ಹಾಡುತ್ತಿದ್ದಾರೆ? ಕೇಳಿಸಿಕೊಂಡವರಿಗೆ ತಿರುಗಿ ಮಾತಾಡುವ ಅವಕಾಶ ಇದೆಯೇ?

ಎ.ಕೆ. ರಾಮಾನುಜನ್ ಸಂಗಂ ಕಾವ್ಯದ ಅಗಂ-ಪುರಂ ಎಂಬ ಜೋಡಿಯನ್ನು ಕನ್ನಡ ಜನಪದಕ್ಕೆ ತಂದು, ಅಡುಗೆಮನೆಯಲ್ಲಿ ಹೆಂಗಸರು ಹೇಳುವ ಕತೆಗೂ ಊರಮುಂದೆ ವೃತ್ತಿಗಾಯಕ ಹಾಡುವ ಕತೆಗೂ ಇರುವ ಅಂತರವನ್ನು ತೋರಿಸಿದರು. ಒಳಗಿನ ಕತೆಯ ನಾಯಕಿಗೆ ಹೆಸರಿಲ್ಲ. ಹೊರಗಿನ ಕತೆಯಲ್ಲಿ ಹೆಸರು, ಊರು, ಕುಲ ಎಲ್ಲವೂ ಇವೆ. ದಿಲ್ಜಿತ್ ದೊಸಾಂಜ್ ನಟಿಸಿದ ಎರಡು ಚಿತ್ರಗಳನ್ನು ಈ ಜೋಡಿಯ ಜೊತೆಗಿಟ್ಟು ನೋಡಬಹುದು.

ಮೊದಲನೆಯದು ಅಂಶೈ ಲಾಲ್ ನಿರ್ದೇಶನದ ‘ಫಿಲ್ಲೌರಿ’ (2017). 1919ರ ಆಸುಪಾಸಿನ ಪಂಜಾಬಿನಲ್ಲಿ ಶಶಿ ಎಂಬ ಹುಡುಗಿ ಮನೆಯವರಿಗೆ ತಿಳಿಯದಂತೆ ಕವಿತೆ ಬರೆಯುತ್ತಾಳೆ. ಅವು ಪತ್ರಿಕೆಯಲ್ಲಿ ‘ಫಿಲ್ಲೌರಿ’ ಎಂಬ ಹೆಸರಿನಲ್ಲಿ ಅಚ್ಚಾಗುತ್ತವೆ. ಓದಿದವರು ಬರೆದವನು ಗಾಯಕ ರೂಪ್‌ಲಾಲ್ ಎಂದುಕೊಳ್ಳುತ್ತಾರೆ. ಅವಳ ಪದಗಳನ್ನು ಗ್ರಾಮಫೋನ್ ತಟ್ಟೆಗೆ ಹಾಡಲು ಅವನು ಅಮೃತಸರಕ್ಕೆ ಹೋಗುತ್ತಾನೆ. ಜಲಿಯನ್‌ವಾಲಾ ಬಾಗ್ ಅವನನ್ನು ನುಂಗುತ್ತದೆ. ಒಳಮನೆಯ ಪದ ಹೊರಗೆ ಬರಬೇಕಾದರೆ ಗಂಡಸಿನ ಗಂಟಲು ಬೇಕು, ಯಂತ್ರವೂ ಬೇಕು ಎಂಬುದನ್ನು ಚಿತ್ರ ಚೆನ್ನಾಗಿ ಕಂಡಿದೆ.

ಆದರೆ ಈ ಚಿತ್ರದಿಂದ ದೂರ ಹೋದದ್ದು ಶಶಿಯ ಕತೆಯಲ್ಲ, ಹಳೆಯ ಮದುವೆ ಹಾಡೊಂದರ ಎಳೆಯಿಂದ ಕಟ್ಟಿದ, ಜಸ್ಲೀನ್ ರಾಯಲ್ ಹಾಡಿದ ‘ದಿನ್ ಶಗ್ನಾ ದಾ’. ಪಂಜಾಬಿಯ ಗಂಧವಿಲ್ಲದ ಮನೆಗಳ ವಧುಗಳೂ ಇಂದು ಈ ಹಾಡಿಗೆ ಮಂಟಪಕ್ಕೆ ನಡೆದು ಬರುತ್ತಾರೆ. ಬೆಂಗಳೂರಿನ ಮದುವೆಗಳ ರೀಲ್ಸ್‌ಗಳಲ್ಲೂ ಇದನ್ನು ಕೇಳಿದ್ದೇನೆ. ಸುಹಾಗ್ ಹಾಡುವಾಗ ಹೆಂಗಸರು ಹುಡುಗಿಯ ಸುತ್ತ ಕೂತಿರುತ್ತಾರೆ. ಮಗಳು ಅಪ್ಪನಿಗೆ ಹೇಳಲಾರದ್ದನ್ನು ಅವಳ ಪರವಾಗಿ ಹಾಡು ಹೇಳುತ್ತದೆ. ರೀಲ್‌ನಲ್ಲಿ ಸುತ್ತ ನಿಂತವರ ಕೈಯಲ್ಲಿ ಫೋನಿದೆ, ಬಾಯಲ್ಲಿ ಹಾಡಿಲ್ಲ. ಹಾಡು ಚೆಂದವಾಗಿಯೇ ಇದೆ, ಆದರೆ ವಧುವಿನ ಪರವಾಗಿ ಮಾತಾಡುವ ಕೆಲಸ ಬಿಟ್ಟು ಅವಳ ನಡಿಗೆಗೆ ಹಿನ್ನೆಲೆಯಾಗಿದೆ.

ಎರಡನೆಯದು ಇಮ್ತಿಯಾಜ್ ಅಲಿಯ ‘ಅಮರ್ ಸಿಂಗ್ ಚಮ್ಕೀಲಾ’ (2024). ಲೂಧಿಯಾನದ ಬಳಿಯ ದುಗ್ರಿಯ ದಲಿತ ಮನೆಯ ಧನೀರಾಮ್, ಬಟ್ಟೆ ಗಿರಣಿಯ ಕೂಲಿಯಿಂದ ಒಂಟಿ ತಂತಿಯ ತುಂಬಿ ಹಿಡಿದು ಪಂಜಾಬಿನ ಅತಿ ಬೇಡಿಕೆಯ ಗಾಯಕನಾದ ಕತೆ. 1988ರ ಮಾರ್ಚ್ 8ರಂದು ಮೆಹ್ಸಂಪುರದಲ್ಲಿ ಅವನನ್ನೂ ಹೆಂಡತಿ, ಸಹಗಾಯಕಿ ಅಮರ್‌ಜೋತ್‌ಳನ್ನೂ ಗುಂಡಿಟ್ಟು ಕೊಂದರು. ಭಾವ-ನಾದಿನಿ, ಮೈದುನ-ಅತ್ತಿಗೆಯರ ಸರಸದ ಅವನ ಹಾಡುಗಳು ಅಶ್ಲೀಲವೆಂಬ ಆರೋಪ ಆಗಲೂ ಇತ್ತು, ಈಗಲೂ ಇದೆ.

ಇದಕ್ಕೆ ಚಿತ್ರ ಕೊಡುವ ಸಮಾಧಾನ ‘ನರಮ್ ಕಾಲ್ಜಾ’ ಎಂಬ ಹಾಡು. ಊರಿನ ಹೆಂಗಸರು, ಮುದುಕಿಯರೂ ಸೇರಿ, ತಮ್ಮ ಆಸೆಗಳನ್ನು ನಾಚಿಕೆಯಿಲ್ಲದೆ ಹಾಡುತ್ತಾರೆ. ಅಂಗಳದಲ್ಲಿ ಹೆಂಗಸರೇ ಇದನ್ನೆಲ್ಲ ಹಾಡುತ್ತಿದ್ದಾಗ ಚಮ್ಕೀಲಾನನ್ನು ಮಾತ್ರ ಬೈಯುವುದೇಕೆ ಎಂಬುದು ಅದರ ವಾದ. ಅದರಲ್ಲಿ ಅರ್ಧ ನಿಜವಿದೆ. ಸಭ್ಯ ಪಂಜಾಬ್ ತನ್ನ ಅಜ್ಜಿಯರ ಹಾಡನ್ನು ಮರೆತು ದಲಿತ ಗಾಯಕನ ಬಾಯಿಗೆ ಮಾತ್ರ ಬೀಗ ಹಾಕಲು ನೋಡಿತು ಎಂಬುದನ್ನು ಒಪ್ಪುತ್ತೇನೆ. ಜಾತಿಯನ್ನು ಬಿಟ್ಟು ಈ ‘ಅಶ್ಲೀಲ’ದ ಚರ್ಚೆ ಮಾಡಲಾಗದು.

ಉಳಿದರ್ಧ? ಸಿಠ್ಣಿಯನ್ನು ಹಾಡುವವರು ಮದುವೆಯ ದಿನ ತಗ್ಗಿ ನಿಲ್ಲಬೇಕಾದ ಹೆಣ್ಣಿನ ಕಡೆಯವರು. ಗುರಿಯಾಗುವವರು ಅಂದು ಮೇಲುಗೈಯಾದ ಗಂಡಿನವರು. ಆ ಹೊತ್ತು ಕಳೆದರೆ ಪರವಾನಗಿಯೂ ಮುಗಿಯಿತು. ಅದೇ ಮಾತು ಅಖಾಡಕ್ಕೆ (ಇಲ್ಲಿ ಕುಸ್ತಿಯ ಕಣವಲ್ಲ, ಬಯಲಿನಲ್ಲಿ ನಡೆಯುವ ಹಾಡಿನ ಸಭೆ) ಬಂದಾಗ ಮೈಕು ಗಂಡಸಿನ ಕೈಗೆ ಬಂತು. ಮುಂದೆ ಕೂತವರಲ್ಲೂ ಹೆಚ್ಚಿನವರು ಗಂಡಸರೇ. ಪದ ಅದೇ ಇರಬಹುದು, ಬಾಣದ ಮೊನೆ ತಿರುಗಿದೆ. ಚಿತ್ರ ಈ ತಿರುವನ್ನು ನೋಡಲು ಒಪ್ಪುವುದಿಲ್ಲ. ಜೊತೆಗೆ ಅದು ಸಾಕ್ಷಿಗೆ ಕರೆತಂದ ‘ಹೆಂಗಸರ ಹಾಡು’ ಅಂಗಳದಿಂದ ಎತ್ತಿಕೊಂಡದ್ದಲ್ಲ. ಇರ್ಷಾದ್ ಕಾಮಿಲ್ ಬರೆದು ಎ.ಆರ್. ರೆಹಮಾನ್ ರಾಗ ಹಾಕಿದ್ದು.

ಹಾಗಾದರೆ ಚಮ್ಕೀಲಾನ ಹಾಡಿನಲ್ಲಿ ಜನಪದದ ಜೀವ ಎಲ್ಲಿ ಉಳಿಯಿತು? ನನ್ನ ಪ್ರಕಾರ ಅದರ ಪೋಲಿತನದಲ್ಲಲ್ಲ, ಅಮರ್‌ಜೋತ್‌ಳ ಉತ್ತರದಲ್ಲಿ. ಅವನು ಒಂದು ಎಸೆದರೆ ಅವಳು ಅಷ್ಟೇ ಎತ್ತರದ ಸ್ಥಾಯಿಯಲ್ಲಿ, ಅಷ್ಟೇ ಖಾರವಾಗಿ ತಿರುಗಿ ಎಸೆಯುತ್ತಾಳೆ. ಬೋಲಿಯ ವ್ಯಾಕರಣ ಅಲ್ಲಿ ಇನ್ನೂ ಉಸಿರಾಡುತ್ತಿದೆ. ಆ ಸಾಲುಗಳನ್ನೂ ಬರೆದವನು ಅವನೇ ಎಂಬ ಆಕ್ಷೇಪ ಸರಿಯೇ. ಆದರೆ ಸಾವಿರಾರು ಜನರ ಮುಂದೆ ನಿಂತು ಗಂಡಸಿನ ಮಾತನ್ನು ಅಲ್ಲಿಂದಲ್ಲಿಗೇ ಮುರಿಯುವ ಧೈರ್ಯ ಅವಳ ಗಂಟಲಿನದು.

ಪರಿಣೀತಿ ಚೋಪ್ರಾ ಆ ಪಾತ್ರದ ಹಾಡುಗಳನ್ನು ತಾವೇ ಹಾಡಿದ್ದಾರೆ, ಚೆನ್ನಾಗಿಯೂ ಹಾಡಿದ್ದಾರೆ. ಆದರೆ ವೇದಿಕೆಯಿಂದ ಇಳಿದೊಡನೆ ಚಿತ್ರದ ಅಮರ್‌ಜೋತ್ ಹೆಚ್ಚು ಕಡಿಮೆ ಮೌನಿ. ಫಿಲ್ಲೌರಿಯ ಶಶಿಯ ಪದ ಇನ್ನೊಬ್ಬನ ಹೆಸರಿಗೆ ಸಂದದ್ದನ್ನು ಕಂಡು ಮರುಗಿದ ನಾವು, ಇಲ್ಲಿ ಜೋಡಿ ಹಾಡುಗಳ ಅರ್ಧ ಪಾಲನ್ನು ಹಾಡಿ, ಜೊತೆಯಲ್ಲೇ ಸತ್ತವಳ ಹೆಸರು ಚಿತ್ರದ ಶೀರ್ಷಿಕೆಯಲ್ಲಿ ಇಲ್ಲದಿರುವುದನ್ನು ಗಮನಿಸಿದೆವೇ?