ಉತ್ತರದ ನಂತರದ ಪ್ರಶ್ನೆ

ಗಗನಯಾತ್ರಿಗಳು ತೇಲುವುದೇಕೆ ಎಂಬ ಪ್ರಶ್ನೆಗೆ ನಮ್ಮ ಸಾಮಾನ್ಯ ಜ್ಞಾನದ ಪುಸ್ತಕಗಳು, ಮಕ್ಕಳ ಪುಟಗಳು, ಕ್ವಿಜ್ ಕೈಪಿಡಿಗಳು ಬಹುಕಾಲದಿಂದ ಕೊಡುತ್ತ ಬಂದಿರುವ ಉತ್ತರ ಒಂದೇ ಸಾಲಿನದು: ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಬಂದೀತು. ಆದರೆ ಇದನ್ನು ನಂಬಿದ ಮಗು ಅದೇ ರಾತ್ರಿ ಅಂಗಳದಲ್ಲಿ ನಿಂತು, 'ಹಾಗಾದರೆ ಚಂದ್ರ ಭೂಮಿಯನ್ನು ಬಿಟ್ಟು ಹೋಗದೆ ಉಳಿದದ್ದು ಹೇಗೆ?' ಎಂದು ಕೇಳಿದರೆ ಉತ್ತರ ಅಲ್ಲೇ ಕುಸಿಯುತ್ತದೆ. ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು 400 ಕಿ.ಮೀ. ಎತ್ತರದಲ್ಲಿ, ಹೆಚ್ಚುಕಡಿಮೆ ಬೆಂಗಳೂರಿಗೂ ಹುಬ್ಬಳ್ಳಿಗೂ ಇರುವಷ್ಟು ದೂರ. ಚಂದ್ರನನ್ನೇ ಹಿಡಿದಿಟ್ಟಿರುವ ಸೆಳೆತ ಇಷ್ಟು ಹತ್ತಿರದಲ್ಲಿ ಮಾಯವಾಗುವುದು ಹೇಗೆ?

ಮಾಯವಾಗುವುದಿಲ್ಲ. ಆ ಎತ್ತರದಲ್ಲಿ ಗುರುತ್ವ ನೆಲದ ಮೇಲಿರುವುದರ ಸುಮಾರು ಶೇ. 90ರಷ್ಟು ಹಾಗೇ ಇರುತ್ತದೆ. ನಿಲ್ದಾಣವೂ ಅದರೊಳಗಿನ ಮನುಷ್ಯರೂ ಪ್ರತಿ ಕ್ಷಣ ಬೀಳುತ್ತಲೇ ಇದ್ದಾರೆ. ಒಂದು ಸೆಕೆಂಡಿನಲ್ಲಿ ನಿಲ್ದಾಣ ಭೂಮಿಯ ಕಡೆಗೆ ಸುಮಾರು ನಾಲ್ಕೂಕಾಲು ಮೀಟರ್ ಬೀಳುತ್ತದೆ; ಅದೇ ಸೆಕೆಂಡಿನಲ್ಲಿ ಮುಂದಕ್ಕೆ ಏಳೂವರೆ ಕಿ.ಮೀ.ಗೂ ಹೆಚ್ಚು ಸಾಗಿರುತ್ತದೆ. ಭೂಮಿ ದುಂಡಗಿರುವುದರಿಂದ ಅಷ್ಟು ದೂರ ಸಾಗುವಷ್ಟರಲ್ಲಿ ಕೆಳಗಿನ ನೆಲವೂ ಅಷ್ಟೇ ನಾಲ್ಕೂಕಾಲು ಮೀಟರ್ ಬಾಗಿ ಕೆಳಗಿಳಿದಿರುತ್ತದೆ. ಬಿದ್ದಷ್ಟೂ ನೆಲ ಸರಿಯುತ್ತದೆ, ಎತ್ತರ ಹಾಗೇ ಉಳಿಯುತ್ತದೆ. ಬಹಳ ಎತ್ತರದ ಬೆಟ್ಟದ ತುದಿಯಿಂದ ಫಿರಂಗಿ ಗುಂಡನ್ನು ಸಾಕಷ್ಟು ವೇಗದಲ್ಲಿ ಹಾರಿಸಿದರೆ ಅದು ಭೂಮಿಯನ್ನೇ ಸುತ್ತಿ ಬರುತ್ತದೆ ಎಂದು ನ್ಯೂಟನ್ ಹದಿನೇಳನೆಯ ಶತಮಾನದಲ್ಲೇ ಕಲ್ಪಿಸಿ ತೋರಿಸಿದ್ದು ಇದನ್ನೇ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಹೈಸ್ಕೂಲ್ ಹುಡುಗಿಗೆ ಚಂದ್ರನೂ ಬೀಳುತ್ತಿದ್ದಾನೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ, ತಾನೇ ಅಲ್ಲಿಗೆ ಬರುತ್ತಾಳೆ.

2025ರಲ್ಲಿ ಶುಭಾಂಶು ಶುಕ್ಲಾ ಆ ನಿಲ್ದಾಣಕ್ಕೆ ಹೋದಾಗ ಅವರ ಜೊತೆ ಧಾರವಾಡದಿಂದ ಹೆಸರುಕಾಳು, ಮೆಂತ್ಯಕಾಳು ಹೋದವು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ಸಂಶೋಧಕರು ಅವುಗಳನ್ನು ಕಕ್ಷೆಯಲ್ಲಿ ಮೊಳಕೆ ಬರಿಸುವ ಪ್ರಯೋಗ ರೂಪಿಸಿದ್ದರು. ಮೊಳಕೆಯಲ್ಲಿ ಅಂಥ ವಿಶೇಷವೇನು ಎಂದು ಕೇಳುವವರಿಗೆ 'ಗುರುತ್ವ ಇಲ್ಲ' ಎಂಬ ಉತ್ತರ ಏನನ್ನೂ ಹೇಳುವುದಿಲ್ಲ. ಬೀಳುವಿಕೆಯ ಉತ್ತರ ಹೇಳುತ್ತದೆ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಪುಟ್ಟ ಕಣಗಳಿವೆ; ಅವು ಕೋಶದ ತಳಕ್ಕೆ ಇಳಿದು ಕೂತಾಗ ಬೇರಿಗೆ 'ಕೆಳಗೆ' ಯಾವ ಕಡೆ ಎಂಬುದು ತಿಳಿಯುತ್ತದೆ. ಎಲ್ಲವೂ ಒಟ್ಟಿಗೆ ಬೀಳುತ್ತಿರುವ ಕಡೆ ಕಣವೂ ಕೋಶವೂ ಒಂದೇ ವೇಗದಲ್ಲಿ ಬೀಳುತ್ತವೆ, ಕಣ ತಳಕ್ಕೆ ಇಳಿಯುವುದೇ ಇಲ್ಲ. ಅಲ್ಲಿ ಬೇರು ದಿಕ್ಕು ಕಂಡುಕೊಳ್ಳುವುದು ಹೇಗೆ ಎಂಬುದೇ ಕುತೂಹಲ. ಒಂದು ಉತ್ತರ ಸರಿಯಾಗಿದ್ದರೆ ಅದು ಚಂದ್ರನಿಗೂ ಅನ್ವಯಿಸುತ್ತದೆ, ಮೆಂತ್ಯಕ್ಕೂ ಅನ್ವಯಿಸುತ್ತದೆ.

ವಿಜ್ಞಾನದ ಪ್ರಶ್ನೋತ್ತರ ಎಂಬ ಈ ಬರವಣಿಗೆಯನ್ನು ನಾವು ವಿಮರ್ಶೆಗೆ ಒಡ್ಡಿದ್ದು ತೀರ ಕಡಿಮೆ. ಒಂದು ಕವನ ಸಂಕಲನ ಬಂದರೆ ಮೂರು ಕಡೆ ವಿಮರ್ಶೆ ಬರುತ್ತದೆ. ಊರೂರಿನ ಮಕ್ಕಳು ಓದುವ 'ಏಕೆ? ಹೇಗೆ?' ಅಂಕಣದ ಉತ್ತರ ಚೆನ್ನಾಗಿದೆಯೇ, ಪೊಳ್ಳೇ ಎಂದು ಯಾರೂ ನೋಡುವುದಿಲ್ಲ. ತಪ್ಪಿದ್ದರೆ ತಿದ್ದುಪಡಿ ಹಾಕಿ ಮುಗಿಸುತ್ತೇವೆ. ಆದರೆ ಈ ಬರವಣಿಗೆಯ ದೊಡ್ಡ ದೋಷ ತಪ್ಪು ಮಾಹಿತಿಯದಲ್ಲ. ಉತ್ತರ ಹೇಗೆ ಗೊತ್ತಾಯಿತು ಎಂಬುದನ್ನು ಮುಚ್ಚಿಟ್ಟು ಬರೀ ಉತ್ತರವನ್ನು ಕೈಗಿಡುವುದೇ ಮೂಲದ ದೋಷ ಎಂಬುದು ನನ್ನ ತಕರಾರು. ಹಾದಿ ಕಾಣದ ಉತ್ತರದಲ್ಲಿ ತಪ್ಪು ಹೊಕ್ಕರೂ ಓದುಗನಿಗೆ ಗೊತ್ತಾಗುವುದಿಲ್ಲ.

ಸಮುದ್ರ ನೀಲಿಯಾಗಿ ಕಾಣುವುದೇಕೆ? ಆಕಾಶದ ನೀಲಿ ಅದರಲ್ಲಿ ಪ್ರತಿಫಲಿಸುವುದರಿಂದ ಎಂದು ಇಂದಿಗೂ ಅಚ್ಚಾಗುತ್ತಿದೆ. ಈ ಉತ್ತರಕ್ಕೆ ದೊಡ್ಡವರ ಬೆಂಬಲವೇ ಇತ್ತು. ಆಕಾಶದ ನೀಲಿಯನ್ನು ವಿವರಿಸಿದ ಲಾರ್ಡ್ ರ‍್ಯಾಲೆ ಕಡಲಿನ ಗಾಢ ನೀಲಿ ಪ್ರತಿಬಿಂಬ ಮಾತ್ರ ಎಂದೇ ಭಾವಿಸಿದ್ದರು. 1921ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಸಿ.ವಿ. ರಾಮನ್ ಮರಳುವಾಗ 'ನಾರ್ಕುಂಡ' ಹಡಗಿನ ಮೇಲೆ ನಿಂತು ಮೆಡಿಟರೇನಿಯನ್ ಕಡಲನ್ನು ನೋಡಿದರು. ಅವರ ಬಳಿ ಇದ್ದ ದೊಡ್ಡ ಉಪಕರಣ ಎಂದರೆ ಅಂಗೈಯಲ್ಲಿ ಹಿಡಿಯುವಂಥ ನಿಕಾಲ್ ಪ್ರಿಸಂ. ನೀರಿನ ಮೇಲಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿ ಬರುವ ಬೆಳಕು ಒಂದೇ ತಲದಲ್ಲಿ ಕಂಪಿಸುತ್ತದೆ. ಪ್ರಿಸಮ್ಮನ್ನು ತಿರುಗಿಸಿ ಅದನ್ನು ಪೂರ್ತಿ ತಡೆದುಬಿಡಬಹುದು. ರಾಮನ್ ತಡೆದರು. ಆಕಾಶದ ಪ್ರತಿಬಿಂಬ ಹೋಯಿತು, ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಬಣ್ಣ ನೀರಿನದೇ ಎಂದಾಯಿತು. ಹಡಗು ಬೊಂಬಾಯಿ ಬಂದರಿಗೆ ಬರುವ ಹೊತ್ತಿಗೆ 'ನೇಚರ್' ಪತ್ರಿಕೆಗೆ ಕಳಿಸುವ ಬರಹ ಸಿದ್ಧವಾಗಿತ್ತು. ನೀರಿನ ಅಣುಗಳು ಬೆಳಕನ್ನು ಚದುರಿಸುವ ಬಗೆಯನ್ನು ಬೆನ್ನಟ್ಟಿ ಹೋದ ಆ ಕೆಲಸವೇ 1928ರ ಫೆಬ್ರವರಿ 28ರ 'ರಾಮನ್ ಪರಿಣಾಮ'ದ ಶೋಧಕ್ಕೆ, ಅಲ್ಲಿಂದ 1930ರ ನೊಬೆಲ್ ಬಹುಮಾನಕ್ಕೆ ತಲುಪಿತು.

ರಾಮನ್ ಹೇಳಿದ್ದೇ ಕೊನೆಯ ಮಾತೂ ಆಗಲಿಲ್ಲ. ನೀರು ಕೆಂಪು ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಹೀರಿಕೊಳ್ಳುವುದು ಕಡಲಿನ ನೀಲಿಗೆ ಮುಖ್ಯ ಕಾರಣ, ಚದುರಿಕೆ ಆ ನೀಲಿಯನ್ನು ನಮ್ಮ ಕಣ್ಣಿಗೆ ಹಿಂದಿರುಗಿಸುತ್ತದೆ ಎಂಬುದು ಇಂದಿನ ತಿಳಿವಳಿಕೆ. ಲೋಟದ ನೀರಿಗೆ ಬಣ್ಣ ಕಾಣದಿರುವುದು ಅಷ್ಟು ಗಿಡ್ಡ ದಾರಿಯಲ್ಲಿ ಹೀರಿಕೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಆದ್ದರಿಂದ. ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುವ ನಾಡಿನಲ್ಲಿ, ರಾಮನ್ ತಮ್ಮ ಬದುಕಿನ ಉತ್ತರಾರ್ಧ ಕಳೆದ ಬೆಂಗಳೂರಿನ ಶಾಲೆಗಳಲ್ಲೂ, ಅವರು ನೂರು ವರ್ಷದ ಹಿಂದೆ ಪರೀಕ್ಷಿಸಿ ತಳ್ಳಿಹಾಕಿದ ಉತ್ತರವನ್ನೇ ಮಕ್ಕಳು ಬಾಯಿಪಾಠ ಮಾಡಬೇಕೆ? ನನಗೆ ಇದು ನಿಜವಾಗಿ ನೋವು ಕೊಡುವ ಸಂಗತಿ.

ದೇಹದ ಪ್ರಶ್ನೆಗಳಲ್ಲಿ ಈ ಉದಾಸೀನ ಇನ್ನೂ ಸೋಜಿಗ ಹುಟ್ಟಿಸುತ್ತದೆ, ಪ್ರಯೋಗಶಾಲೆ ನಮ್ಮ ಮೈಯೇ ಆಗಿರುವುದರಿಂದ. ನಾಲಿಗೆಯ ತುದಿಗೆ ಸಿಹಿ, ಅಂಚಿಗೆ ಹುಳಿ, ಹಿಂಬದಿಗೆ ಕಹಿ ಎಂಬ ನಕ್ಷೆ ಎಷ್ಟೋ ಪುಸ್ತಕಗಳಲ್ಲಿ ಬಂದಿದೆ. 1901ರಲ್ಲಿ ಹೇನಿಗ್ ಎಂಬ ಜರ್ಮನ್ ಸಂಶೋಧಕ ಕಂಡದ್ದು ನಾಲಿಗೆಯ ಬೇರೆಬೇರೆ ಭಾಗಗಳ ಸೂಕ್ಷ್ಮತೆಯಲ್ಲಿ ತೀರ ಸಣ್ಣ ವ್ಯತ್ಯಾಸ. 1942ರಲ್ಲಿ ಎಡ್ವಿನ್ ಬೋರಿಂಗ್ ಅದನ್ನು ತಮ್ಮ ಪುಸ್ತಕದಲ್ಲಿ ನಕಾಶೆಯಾಗಿಸಿದ ರೀತಿ ಓದುಗರಿಗೆ ಗಡಿಗಳಿವೆ ಎಂಬ ಭಾವನೆ ತಂದಿತು. ಹುಣಸೆಹಣ್ಣಿನ ಒಂದು ಎಳೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿದ ಯಾರಿಗೂ ಈ ನಕ್ಷೆ ಸುಳ್ಳೆಂದು ಆಗಲೇ ಗೊತ್ತಾಗುತ್ತದೆ. ಮುಟ್ಟಿಸಿ ನೋಡಿ ಎಂಬ ಒಂದು ವಾಕ್ಯ ಆ ಚಿತ್ರದ ಕೆಳಗೆ ಇದ್ದಿದ್ದರೆ ಅದು ಇಷ್ಟು ದಶಕ ಬದುಕುತ್ತಿರಲಿಲ್ಲ.

ಇನ್ನೊಂದು ಬಗೆಯ ಉತ್ತರದ ಬಗ್ಗೆ ಕಟುವಾಗಿಯೇ ಹೇಳಬೇಕು. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂಬ ಮನೆಮಾತಿಗೆ ಈಗ ವಿಜ್ಞಾನದ ಉಡುಪು ತೊಡಿಸಿದ್ದಾರೆ: ಭೂಮಿ ಒಂದು ಅಯಸ್ಕಾಂತ, ರಕ್ತದಲ್ಲಿ ಕಬ್ಬಿಣವಿದೆ, ಆದ್ದರಿಂದ ರಕ್ತ ಮೆದುಳಿನ ಕಡೆ ಎಳೆಯಲ್ಪಡುತ್ತದೆ. ಕೇಳಲು ಸೊಗಸಾಗಿದೆ. ಆದರೆ ಹೀಮೋಗ್ಲೋಬಿನ್ನಿನ ಕಬ್ಬಿಣ ಮೊಳೆಯ ಕಬ್ಬಿಣದಂತೆ ವರ್ತಿಸುವುದಿಲ್ಲ. ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತ ಸೆಳೆಯುವ ಬದಲು ಅತಿ ಸೂಕ್ಷ್ಮವಾಗಿ ದೂರ ತಳ್ಳುತ್ತದೆ. ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದು 1.5 ಟೆಸ್ಲಾ, ಎಂದರೆ ಮೂವತ್ತೈದು ಸಾವಿರ ಪಟ್ಟಿಗೂ ಹೆಚ್ಚು. ಆ ಸುರಂಗದೊಳಗೆ ಮಲಗಿ ಬಂದವರ ರಕ್ತ ತಲೆಗೆ ಏರಿಲ್ಲ. ಹಿರಿಯರು ಹೇಳಿದ್ದನ್ನು ಪಾಲಿಸುವುದು, ಬಿಡುವುದು ಅವರವರ ಇಷ್ಟ, ಅದರ ಮೇಲೆ ನನ್ನ ಜಗಳವಿಲ್ಲ. ತೀರ್ಮಾನವನ್ನು ಮೊದಲೇ ಇಟ್ಟುಕೊಂಡು ಅದಕ್ಕೆ ಕಾಂತಕ್ಷೇತ್ರ, ಹೀಮೋಗ್ಲೋಬಿನ್ ಎಂಬ ಪದಗಳನ್ನು ಹೊಂದಿಸುವುದನ್ನು ವಿಜ್ಞಾನದ ಉತ್ತರ ಎಂದು ಅಚ್ಚುಹಾಕುವುದು ಮಾತ್ರ ಓದುಗರಿಗೆ ಬಗೆಯುವ ದ್ರೋಹ.

ಒಳ್ಳೆಯ ಉತ್ತರ ಹೇಗಿರುತ್ತದೆ ಎಂಬುದಕ್ಕೆ ಮಾದರಿ ಹಳೆಯದೇ ಇದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಮಕ್ಕಳ ಮುಂದೆ ಒಂದು ಮೇಣದಬತ್ತಿಯ ಬಗ್ಗೆ ಆರು ಉಪನ್ಯಾಸ ಕೊಟ್ಟರು. 1860–61ರ ಚಳಿಗಾಲದಲ್ಲಿ ಕೊಟ್ಟವು ಪುಸ್ತಕವಾಗಿ ಬಂದಿವೆ. ಉರಿಯುವುದು ಬತ್ತಿಯೇ, ಮೇಣವೇ? ಫ್ಯಾರಡೆ ನೇರ ಉತ್ತರ ಕೊಡುವುದಿಲ್ಲ. ಬತ್ತಿಯನ್ನು ಆರಿಸಿ, ಏಳುವ ಬಿಳಿ ಹೊಗೆಗೆ ಸ್ವಲ್ಪ ದೂರದಿಂದಲೇ ಕಿಡಿ ತೋರಿಸುತ್ತಾರೆ. ಉರಿ ಹೊಗೆಯ ಜಾಡಿನಲ್ಲೇ ಓಡಿ ಬತ್ತಿಗೆ ಮತ್ತೆ ಹತ್ತಿಕೊಳ್ಳುತ್ತದೆ. ಜ್ವಾಲೆಯ ನಡುವಿನಿಂದ ಗಾಜಿನ ಕೊಳವೆಯಲ್ಲಿ ಆವಿಯನ್ನು ಹೊರತಂದು ಕೊಳವೆಯ ತುದಿಯಲ್ಲಿ ಹಚ್ಚಿ ತೋರಿಸುತ್ತಾರೆ. ಉರಿಯುವುದು ಮೇಣದ ಆವಿ ಎಂದು ಹೇಳಬೇಕಾದ ಅಗತ್ಯವೇ ಉಳಿದಿಲ್ಲ. ಕೊನೆಯ ಉಪನ್ಯಾಸದಲ್ಲಿ ಸುಣ್ಣದ ತಿಳಿನೀರಿಗೆ ಉಸಿರು ಊದಿದಾಗ ಅದು ಬೆಳ್ಳಗಾಗುತ್ತದೆ. ಬತ್ತಿ ಉರಿದ ಗಾಳಿಯನ್ನು ಹಾಯಿಸಿದಾಗ ಆಗಿದ್ದೂ ಅದೇ. ಮೇಣದಬತ್ತಿಯಿಂದ ಹೊರಟ ಮಕ್ಕಳು ತಮ್ಮ ಎದೆಯೊಳಗಿನ ಉಸಿರಿಗೆ ಬಂದು ನಿಲ್ಲುತ್ತಾರೆ. ಜನಪ್ರಿಯ ವಿಜ್ಞಾನದಲ್ಲಿ ಇದಕ್ಕಿಂತ ಎತ್ತರದ ಕೃತಿಯನ್ನು ನಾನು ಕಂಡಿಲ್ಲ.

ಕನ್ನಡದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಒಬ್ಬರೇ ಕೂತು 'ಬಾಲ ಪ್ರಪಂಚ'ದ ಮೂರು ಸಂಪುಟ ಬರೆದರು, ಮುಂದೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ತಂದರು. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಸಾಮಾನ್ಯ ಜನರನ್ನು ವಿಜ್ಞಾನಿಯ ಎದುರು ಕೂರಿಸಿ ಪ್ರಶ್ನೆ ಕೇಳುವ ಅವಕಾಶ ಕೊಟ್ಟಿತು. ಪರಂಪರೆಗೆ ಬಡತನವಿಲ್ಲ. ಆ ಪರಂಪರೆಯ ಪ್ರಶ್ನಿಸುವ ಹುರುಪನ್ನು ಬಿಟ್ಟು ನಾವು ಮಾಹಿತಿಯ ಹರವನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಜಾಗ ಸಾಲದು ಎಂಬ ಸಂಪಾದಕರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಆದರೆ ಹಾದಿ ತೋರಿಸಲು ಪುಟಗಟ್ಟಲೆ ಬೇಕಿಲ್ಲ. ನೀರಿನಲ್ಲಿ ಬಹಳ ಹೊತ್ತು ಇದ್ದರೆ ಬೆರಳ ತುದಿ ಸುಕ್ಕಾಗುವುದೇಕೆ? ಚರ್ಮ ನೀರು ಹೀರಿ ಉಬ್ಬುತ್ತದೆ ಎಂದು ಬರೆದುಬಿಡುವುದು ರೂಢಿ. ಇದರ ಬದಲು ಹೀಗೆ ಬರೆಯಬಹುದು: ಬೆರಳಿನ ನರಕ್ಕೆ ಪೆಟ್ಟಾದವರ ಬೆರಳು ನೀರಿನಲ್ಲಿಟ್ಟರೂ ಸುಕ್ಕಾಗುವುದಿಲ್ಲ ಎಂಬುದನ್ನು ವೈದ್ಯರು 1930ರ ದಶಕದಲ್ಲೇ ಗಮನಿಸಿದರು, ಹೀಗಾಗಿ ಇದು ಚರ್ಮ ನೆನೆಯುವುದಷ್ಟೇ ಅಲ್ಲ, ನರಗಳ ಸೂಚನೆಯಂತೆ ಒಳಗಿನ ರಕ್ತನಾಳಗಳು ಕಿರಿದಾಗುವುದರಿಂದ ಆಗುವಂಥದ್ದು. ಒದ್ದೆ ವಸ್ತುಗಳನ್ನು ಹಿಡಿಯಲು ಸುಕ್ಕು ನೆರವಾಗುತ್ತದೆ ಎಂದು 2013ರ ಒಂದು ಬ್ರಿಟಿಷ್ ಅಧ್ಯಯನ ಹೇಳಿತು, 2014ರಲ್ಲಿ ಜರ್ಮನಿಯಲ್ಲಿ ಮತ್ತೆ ಪರೀಕ್ಷಿಸಿದವರಿಗೆ ಅಂಥ ಪ್ರಯೋಜನ ಕಾಣಲಿಲ್ಲ. ಎರಡೇ ವಾಕ್ಯ. ಆದರೆ ಪುರಾವೆ ಇದೆ, ಭಿನ್ನಾಭಿಪ್ರಾಯ ಇದೆ, ಓದುವ ಹುಡುಗನಿಗೆ ಮುಂದೆ ಮಾಡಬಹುದಾದ ಕೆಲಸವೂ ಇದೆ.

ಸಂಪಾದಕರಲ್ಲಿ, ಮೇಷ್ಟರಲ್ಲಿ ನನ್ನ ಕೋರಿಕೆ ಇಷ್ಟೇ: ಪ್ರತಿ ಉತ್ತರದ ಕೊನೆಗೆ 'ಇದು ಗೊತ್ತಾದದ್ದು ಹೇಗೆ' ಎಂಬ ಒಂದು ಸಾಲು ಸೇರಿಸಿ. ಸಾಧ್ಯವಿದ್ದರೆ ಓದುಗರೇ ಮಾಡಿ ನೋಡುವಂಥದ್ದನ್ನು ಸೇರಿಸಿ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ ಎಂದು ನಾವೆಲ್ಲ ಹೇಳುತ್ತೇವೆ. ಬೆಂಗಳೂರು, ಮಂಗಳೂರಿನಲ್ಲಿ ಅವನು ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ. ಉತ್ತರಕ್ಕೆ ಹೋದಂತೆ ಮೊದಲ ದಿನ ಮುಂದೆ ಸರಿಯುತ್ತದೆ: ಹುಬ್ಬಳ್ಳಿಗೆ ಮೇ ಮೊದಲ ವಾರ, ಬೀದರಿಗೆ ಎರಡನೆಯ ವಾರ. ಮುಂದಿನ ಏಪ್ರಿಲ್ 24ರಂದು ಬೆಂಗಳೂರಿನ ಮಕ್ಕಳು ಶಾಲೆಯ ಬಯಲಿನಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಲಿ. ಅದರ ನೆರಳು ಬುಡಕ್ಕೆ ಸೇರಿ ಕಾಣೆಯಾಗುವುದು 12 ಗಂಟೆಗಲ್ಲ, 12 ಗಂಟೆ 17 ನಿಮಿಷದ ಆಸುಪಾಸಿಗೆ. ಹದಿನೇಳು ನಿಮಿಷ ತಡ ಏಕೆ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಯನ್ನೂ ಅದಕ್ಕೆ ಅವರೇ ಹುಡುಕಿಕೊಂಡ ಉತ್ತರವನ್ನೂ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡಿ.