ಕನಸಿನ ಸತ್ಯ: ‘ಲೂಸಿಯಾ’ ಚಿತ್ರದ ದಾರ್ಶನಿಕ ನೆಲೆ

ವೈಜ್ಞಾನಿಕ ಕಲ್ಪನೆಯ ಜನಪ್ರಿಯ ಚಿತ್ರಗಳಲ್ಲಿ ದರ್ಶನವನ್ನು ಅರಸುವಾಗ ನಮ್ಮ ವಿಮರ್ಶೆಯು ಬಹುಬೇಗ ‘ಮಾಯಾವಾದ’ ಎಂಬ ಪದದ ಮೊರೆಹೋಗುತ್ತದೆ. ಕಂಡ ಜಗತ್ತು ಬರಿಯ ತೋರಿಕೆ ಎನ್ನುವ ಕಥೆ ಯಾವುದಿದ್ದರೂ ಅದನ್ನು ಶಂಕರರ ಲೆಕ್ಕಕ್ಕೆ ಬರೆಯುವುದು ರೂಢಿಯಾಗಿದೆ. ಪ್ರೇಕ್ಷಕರೇ ಹಣ ಕೂಡಿಸಿದ, ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ (2013) ಈ ರೂಢಿಯನ್ನು ಪರೀಕ್ಷಿಸಲು ತಕ್ಕ ಕೃತಿ.

ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ರೆ ಬಾರದು. ಲೂಸಿಯಾ ಎಂಬ ಮಾತ್ರೆ ನುಂಗಿದಾಗ ಅವನು ಕನಸಿನಲ್ಲಿ ನಿಖಿಲ್ ಎಂಬ ಜನಪ್ರಿಯ ನಟನಾಗುತ್ತಾನೆ. ಕಡೆಯಲ್ಲಿ ತಿಳಿಯುವುದು ಇದರ ತಿರುವುಮುರುವು: ನಟನ ಬದುಕೇ ಎಚ್ಚರ, ಬಡ ನಿಕ್ಕಿಯ ಬದುಕೇ ಕನಸು. ನಿಕ್ಕಿಯ ಲೋಕವನ್ನು ಬಣ್ಣದಲ್ಲಿಯೂ ನಟನ ಲೋಕವನ್ನು ಕಪ್ಪುಬಿಳುಪಿನಲ್ಲಿಯೂ ಚಿತ್ರಿಸಿರುವುದು ಗಮನಾರ್ಹ.

ಇದನ್ನು ಶಂಕರಮತವೆನ್ನಲು ಅಡ್ಡಿಯಿದೆ. ಎಚ್ಚರವನ್ನೂ ಕನಸನ್ನೂ ಸಮವಾಗಿ ತೂಗಿದವರು ಮಾಂಡೂಕ್ಯಕಾರಿಕೆಯ ಗೌಡಪಾದರು. ಶಂಕರರಾದರೋ ಬ್ರಹ್ಮಸೂತ್ರಭಾಷ್ಯದಲ್ಲಿ ವಿಜ್ಞಾನವಾದವನ್ನು ಖಂಡಿಸುತ್ತ, ಕನಸು ಎಚ್ಚರದಿಂದ ಬಾಧಿತವಾಗುತ್ತದೆ, ಎಚ್ಚರದ ಅರಿವು ಹಾಗಲ್ಲ ಎಂದು ಭೇದವನ್ನು ಸ್ಪಷ್ಟಪಡಿಸುತ್ತಾರೆ.

ಜೆ.ಪಿ. ನಗರಕ್ಕೆ ಬಹುದೂರವಲ್ಲದ ಕತ್ತರಿಗುಪ್ಪೆಯ ಪೂರ್ಣಪ್ರಜ್ಞ ವಿದ್ಯಾಪೀಠದಲ್ಲಿ ಪಾಠ ನಡೆಯುವ ಮಾಧ್ವ ಸಿದ್ಧಾಂತವೇ ಈ ಚಿತ್ರಕ್ಕೆ ಹೆಚ್ಚು ಸಮೀಪವೆಂದು ತೋರುತ್ತದೆ. ಮಧ್ವಾಚಾರ್ಯರ ಪ್ರಕಾರ ಕನಸು ಸುಳ್ಳಲ್ಲ. ಮನಸ್ಸಿನಲ್ಲಿ ಉಳಿದ ವಾಸನೆಗಳಿಂದ ಅದು ನಿರ್ಮಿತವಾದುದು. ಅದನ್ನು ಎಚ್ಚರದ ವಸ್ತುವೆಂದು ತಿಳಿಯುವುದಷ್ಟೇ ಭ್ರಮೆ. ಚಿತ್ರದಲ್ಲಿ ನಟನ ವ್ಯವಹಾರ ನೋಡಿಕೊಳ್ಳುವ ಶಂಕರಣ್ಣನೇ ಕನಸಿನಲ್ಲಿ ಚಿತ್ರಮಂದಿರದ ಯಜಮಾನ. ಪ್ರೇಯಸಿಯೂ ಅದೇ ಮುಖದ ಶ್ವೇತಾ. ಎಚ್ಚರದ ಸಾಮಗ್ರಿಯಿಂದಲೇ ಕನಸು ಕಟ್ಟಲ್ಪಟ್ಟಿದೆ. ಕನಸನ್ನು ಎಚ್ಚರವೆಂದು ಬಗೆದವರು ಪ್ರೇಕ್ಷಕರಾದ ನಾವು.

ಆದರೆ ಸಾಮ್ಯ ಇಲ್ಲಿಗೇ ನಿಲ್ಲುತ್ತದೆ. ಮಧ್ವಮತದಲ್ಲಿ ಕನಸನ್ನು ಸೃಷ್ಟಿಸುವವನು ಈಶ್ವರ. ಇಲ್ಲಿ ಆ ಸ್ಥಾನದಲ್ಲಿ ಹಣಕ್ಕೆ ದೊರೆಯುವ ಮಾತ್ರೆಯಿದೆ. ‘ದಿ ಮೇಟ್ರಿಕ್ಸ್’ (1999) ಚಿತ್ರದ ನಾಯಕ ಎಚ್ಚರಗೊಳ್ಳಲು ಮಾತ್ರೆ ನುಂಗಿದರೆ, ನಿಖಿಲ್ ಕನಸಿಗಾಗಿ ನುಂಗುತ್ತಾನೆ. ಅವನು ಬಯಸುವುದು ಮುಕ್ತಿಯನ್ನಲ್ಲ, ಸಾಮಾನ್ಯನ ಬದುಕನ್ನು.

ಚಿತ್ರದ ಶಕ್ತಿಯೂ ಮಿತಿಯೂ ಇದೇ ಬಯಕೆಯಲ್ಲಿವೆ. ಕೀರ್ತಿಯ ಬರಡುತನವನ್ನು ಇಷ್ಟು ಸರಳವಾಗಿ ಕಾಣಿಸಿದ ಕನ್ನಡ ಚಿತ್ರಗಳು ವಿರಳ. ಆದರೆ ಟಾರ್ಚ್ ಹಿಡಿದು ದುಡಿಯುವವನ ದಾರಿದ್ರ್ಯವು ಸಿರಿವಂತನ ವಿಶ್ರಾಂತಿಯ ಕನಸಾಗಿ ಮಾರ್ಪಡುವಾಗ, ಆ ಕಾರ್ಮಿಕನ ಸ್ವಂತ ಎಚ್ಚರಕ್ಕೆ ಕಥೆಯಲ್ಲಿ ಎಡೆಯೇ ಉಳಿಯುವುದಿಲ್ಲ. ಕನಸು ಸತ್ಯವೇ ಎಂಬ ಪ್ರಶ್ನೆಯೊಡನೆ ಅದು ಯಾರ ಕನಸು ಎಂಬುದನ್ನೂ ಕೇಳಿದಾಗಲೇ ಇಂತಹ ಚಿತ್ರಗಳ ತಾತ್ತ್ವಿಕ ವಿಮರ್ಶೆ ಪೂರ್ಣವಾದೀತು.