ಕಲ್ಲುಹೂವಿನ ನಾಮ-ಲಕ್ಷಣ ವಿಮರ್ಶೆ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಹೆಸರು ಕನ್ನಡ ವಾಚಕರಿಗೆ ಕಥೆಗಾರರಾದ ಡಾ. ಬೆಸಗರಹಳ್ಳಿ ರಾಮಣ್ಣನವರ ಮೂಲಕ ಪರಿಚಿತವಾದುದು. ಆ ಸೀಮೆಯ ಅಡುಗೆಮನೆಗಳಲ್ಲಿ ಮಸಾಲೆಗೆ ಹುರಿದು ಹಾಕುವ, ಒಂದು ಮೈ ಕಪ್ಪಾಗಿ ಇನ್ನೊಂದು ಮೈ ಬೂದಿಬಣ್ಣವಾಗಿ ಮುರುಟಿಕೊಂಡ, ಬಹು ಹಗುರವಾದ ಸಂಬಾರ ಪದಾರ್ಥವೊಂದುಂಟು. ಅದಕ್ಕೆ ಕಲ್ಲುಹೂವೆಂದು ಹೆಸರು. ಅದೇ ಸೀಮೆಯ ಬಂಡೆಗಳ ಮೇಲೆ ಸುಣ್ಣದ ಹನಿ ಸಿಡಿದಂತೆಯೂ ತೆಂಗಿನ ಬೊಡ್ಡೆಗಳ ಮೇಲೆ ವಿಭೂತಿ ಬಳಿದಂತೆಯೂ ಹಬ್ಬುವ ಮಚ್ಚೆಗಳಿಗೆ ಮಾತ್ರ ಆ ಹೆಸರು ಸಲ್ಲುವುದಿಲ್ಲ. ಅವನ್ನು ಪಾಚಿಯೆಂದೋ ಬೂಷ್ಟೆಂದೋ ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಇವೆರಡೂ ಒಂದೇ ವರ್ಗದ ಜೀವಗಳು. ಅಂಗಡಿಗೆ ಬಂದುದಕ್ಕೆ ಒಂದು ಹೆಸರು, ಅಂಗಳದಲ್ಲಿ ನಿಂತುದಕ್ಕೆ ಮತ್ತೊಂದು ಎಂಬ ಈ ವ್ಯವಸ್ಥೆಯಿಂದ ಅಡುಗೆಗೆ ಹಾನಿಯಿಲ್ಲ. ಆದರೆ ತರಗತಿಯಲ್ಲಿ 'ಶೈಲೇಯ' ಶಬ್ದಕ್ಕೆ 'ಒಂದು ಬಗೆಯ ಪಾಚಿ' ಎಂದು ಅರ್ಥ ಹೇಳುವ ಪದ್ಧತಿಗೆ ಮೂಲ ಈ ಗೊಂದಲವೇ ಆದುದರಿಂದ ವಿಷಯವು ವಿಚಾರಾರ್ಹವಾಗಿದೆ.

ಅಮರಕೋಶದ ವನೌಷಧಿವರ್ಗದಲ್ಲಿ ಈ ವಸ್ತುವಿಗೆ ಐದು ಹೆಸರುಗಳಿವೆ: ಶೈಲೇಯ, ಅಶ್ಮಪುಷ್ಪ, ಶೀತಶಿವ, ವೃದ್ಧ, ಕಾಲಾನುಸಾರ್ಯ. ಭಾವಪ್ರಕಾಶವು ಇದನ್ನು ಕರ್ಪೂರಾದಿವರ್ಗದಲ್ಲಿ, ಎಂದರೆ ಗಂಧದ್ರವ್ಯಗಳ ನಡುವೆ ಇಟ್ಟಿದೆ. ಐದು ಹೆಸರುಗಳಿದ್ದ ಮಾತ್ರಕ್ಕೆ ವಸ್ತುನಿಶ್ಚಯವಾಯಿತೆಂದು ತಿಳಿಯಲಾಗದು. ಶೀತಶಿವವೆಂಬ ಹೆಸರು ಅದೇ ಕೋಶದಲ್ಲಿ ಮಧುರಿಕೆಯೆಂಬ ಓಷಧಿಗೂ ಇದೆ, ಸೈಂಧವಲವಣಕ್ಕೂ ಇದೆ. ಕಾಲಾನುಸಾರ್ಯವು ಮನುಷ್ಯವರ್ಗದ ಲೇಪನದ್ರವ್ಯಗಳಲ್ಲಿ ಕಾಲೀಯಕವೆಂಬ ಗಂಧದ ಮರಕ್ಕೂ ಪರ್ಯಾಯವಾಗಿ ಬಂದಿದೆ. ವೃದ್ಧವೆಂಬುದು ಮುದುಕನಿಗೂ ಸಲ್ಲುವ ಮಾತು. ಉಳಿದವು ಎರಡೇ, ಅವೆರಡೂ ಕಲ್ಲನ್ನು ಹಿಡಿದು ಹೊರಟವು. ಅಮರಸಿಂಹನದು ಇಲ್ಲಿ ದೋಷವೆನ್ನುವುದು ಅನ್ಯಾಯ. ಶಬ್ದವನ್ನು ಕಂಠಸ್ಥ ಮಾಡಿಸುವುದು ಅವನ ಪ್ರತಿಜ್ಞೆಯೇ ಹೊರತು ವಸ್ತುವನ್ನು ಕೈಗೆ ಕೊಡುವುದಲ್ಲ. ಕೈಗೆ ಕೊಡಬೇಕಾದವರು ಗುರುಗಳೂ ಗಂಧಿಗರೂ. ಆ ಪರಂಪರೆ ಕಡಿದಲ್ಲಿ ಶಬ್ದ ಉಳಿದು ಲಕ್ಷ್ಯ ಕಳೆದುಹೋಯಿತು.

ಈಗ 'ಕಲ್ಲುಹೂವು' ಎಂಬುದನ್ನೇ ಲಕ್ಷಣವಾಕ್ಯವೆಂದು ಭಾವಿಸಿ ತಾರ್ಕಿಕರ ಒರೆಗೆ ಹಚ್ಚಿದರೆ ಮೂರು ದೋಷಗಳೂ ಒಮ್ಮೆಗೇ ಕಾಣುತ್ತವೆ. ಕಲ್ಲಿನ ಮೇಲೆ ಬೆಳೆಯುವುದೆಂದರೆ ಅವ್ಯಾಪ್ತಿ. ಏಕೆಂದರೆ ಈ ಜೀವಗಳು ಮರದ ತೊಗಟೆಯ ಮೇಲೂ ಮಣ್ಣಿನ ಮೇಲೂ ಮಲೆನಾಡಿನಲ್ಲಿ ಎಲೆಗಳ ಮೇಲೂ ಬೆಳೆಯುವುವು. ಸಂಬಾರದ ಕಲ್ಲುಹೂವಿನಲ್ಲಿಯೇ ಬಹುಭಾಗ ಮರದಿಂದ ಕಿತ್ತದ್ದು. ಕಲ್ಲಿನ ಮೇಲಿರುವುದೆಲ್ಲ ಇದೇ ಎಂದರೆ ಅತಿವ್ಯಾಪ್ತಿ. ಹಾವಸೆಯೂ ಅಲ್ಲಿಯೇ ಇದೆ. ಹೂವೆಂದರೆ ಅಸಂಭವ, ಈ ಕುಲಕ್ಕೆ ಹೂವೆಂಬುದೇ ಇಲ್ಲ. ಹಾಗೆಂದು ಹೆಸರನ್ನು ಬಿಡಬೇಕಾದುದಿಲ್ಲ. ಕೆಸರಿನಲ್ಲಿ ಹುಟ್ಟಿದುದೆಲ್ಲ ಪಂಕಜವಲ್ಲವಷ್ಟೆ. ರೂಢಿಯು ಯೋಗವನ್ನು ಮೀರುವುದೆಂಬ ನ್ಯಾಯ ಇಲ್ಲಿಯೂ ಸಲ್ಲುವುದು. ಆದರೆ ರೂಢಿಗೆ ಒಂದು ಸ್ಥಿರವಾದ ವಸ್ತು ಬೇಕು. ಪಂಕಜಕ್ಕೆ ತಾವರೆಯಿದೆ. ಕಲ್ಲುಹೂವಿಗೆ ಯಾವುದು?

ಇದೇ ಪ್ರಶ್ನೆ ಪಾಶ್ಚಾತ್ಯರನ್ನೂ ಬಹುಕಾಲ ಕಾಡಿತು. ಸ್ವೀಡನ್ನಿನ ಲಿನೇಯಸನು 1753ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಇವೆಲ್ಲವನ್ನೂ 'ಲೈಕನ್' ಎಂಬ ಒಂದೇ ಕುಲಕ್ಕೆ ತುಂಬಿ, ಆ ಕುಲವನ್ನು ಪಾಚಿಗಳ ಸಾಲಿನಲ್ಲಿಯೇ ಇಟ್ಟನು. ಅವನ ಶಿಷ್ಯ ಅಕೇರಿಯಸನು 1803ರ ಮತ್ತು 1810ರ ಗ್ರಂಥಗಳಲ್ಲಿ ಅದನ್ನು ಅನೇಕ ಕುಲಗಳಾಗಿ ಒಡೆದನು. ಫಿನ್ಲೆಂಡಿನ ನೈಲಾಂಡರನು 1866ರಲ್ಲಿ ಕ್ಷಾರದ ಹನಿಯಿಂದಲೂ ಚೆಲುವೆಪುಡಿಯ ದ್ರವದಿಂದಲೂ ಹುಟ್ಟುವ ಬಣ್ಣವನ್ನು ನೋಡಿ ಜಾತಿಭೇದ ಮಾಡುವ ಕ್ರಮವನ್ನು ತಂದನು. ಸ್ವಿಟ್ಜರ್ಲೆಂಡಿನ ಶ್ವೆಂಡನರನು 1867ರಿಂದ 1869ರೊಳಗೆ, ಇದು ಒಂದು ಸಸ್ಯವೇ ಅಲ್ಲ, ಶಿಲೀಂಧ್ರವೊಂದು ಪಾಚಿಯನ್ನು ಮನೆಯೊಳಗಿಟ್ಟುಕೊಂಡು ಅದರ ಸಂಪಾದನೆಯಿಂದ ಬದುಕುವ ಸಂಸಾರವೆಂದು ಪ್ರತಿಪಾದಿಸಿದನು. ನೈಲಾಂಡರನು 1899ರಲ್ಲಿ ತೀರಿಕೊಳ್ಳುವವರೆಗೂ ಇದನ್ನು ಒಪ್ಪಲಿಲ್ಲ. ಶಾಸ್ತ್ರಜ್ಞರಲ್ಲಿಯೂ ಸ್ವಪಕ್ಷಾಭಿಮಾನಕ್ಕೆ ಕೊರತೆಯಿಲ್ಲ. ಕಡೆಗೆ ಶ್ವೆಂಡನರನ ಪಕ್ಷವೇ ಸಿದ್ಧಾಂತವಾಯಿತು. 1950ರ ಸ್ಟಾಕ್‌ಹೋಮ್ ಸಮ್ಮೇಳನದಿಂದೀಚೆಗೆ ಕಲ್ಲುಹೂವಿಗೆ ಇಟ್ಟ ಲ್ಯಾಟಿನ್ ಹೆಸರು ಅದರೊಳಗಿನ ಶಿಲೀಂಧ್ರಕ್ಕೇ ಸೇರಿದುದೆಂದು ನಿಯಮವಾಗಿದೆ. ಕನ್ನಡದಲ್ಲಿ 'ಪಾಚಿ' ಎಂದವರು ಸಂಸಾರದ ಇನ್ನೊಬ್ಬರನ್ನು ಹೆಸರಿಸಿದಂತಾಯಿತು! ಸ್ಪ್ರಿಬಿಲ್ಲೆ ಮತ್ತು ಸಂಗಡಿಗರು 2016ರಲ್ಲಿ ಕೆಲವು ಕಲ್ಲುಹೂವುಗಳ ಹೊರಪದರದಲ್ಲಿ ಮೂರನೆಯದಾದ ಒಂದು ಹುದುಗಿನ ಜಾತಿಯನ್ನೂ ತೋರಿಸಿದರು. ಅದರ ಪಾತ್ರವೇನೆಂಬ ಚರ್ಚೆ ಮುಗಿದಿಲ್ಲ.

ಈ ಇತಿಹಾಸದಲ್ಲಿ ಶಬ್ದಶಾಸ್ತ್ರಜ್ಞರು ಮುಖ್ಯವಾಗಿ ಗಮನಿಸಬೇಕಾದುದು ಲಕ್ಷ್ಯಕ್ಕೆ ಕೊಟ್ಟ ಪ್ರಾಧಾನ್ಯ. ಹೊಸ ಜಾತಿಯೊಂದನ್ನು ಕಂಡವನು ಅದನ್ನು ಒಣಗಿಸಿ, ಅಲಗಿನಿಂದ ತೆಳುವಾಗಿ ಸೀಳಿ, ಬೀಜಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, ರಾಸಾಯನಿಕಗಳನ್ನು ಪರೀಕ್ಷಿಸಿ ವರ್ಣನೆ ಬರೆಯುತ್ತಾನೆ. 2011ರ ಕೊನೆಯವರೆಗೆ ಆ ವರ್ಣನೆ ಲ್ಯಾಟಿನ್ನಿನಲ್ಲಿಯೇ ಇರಬೇಕಾಗಿತ್ತು, ಈಗ ಇಂಗ್ಲಿಷೂ ಸಲ್ಲುತ್ತದೆ. ಆದರೆ ಹೆಸರು ನಿಲ್ಲುವುದು ವರ್ಣನೆಯ ಬಲದಿಂದಲ್ಲ; ಸಂಗ್ರಹಾಲಯದಲ್ಲಿಟ್ಟ ಆದರ್ಶಮಾದರಿಯ ಬಲದಿಂದ. 1958ರಿಂದ ಅದಿಲ್ಲದೆ ಹೊಸ ಹೆಸರು ಸಲ್ಲದು. ವರ್ಣನೆ ತಪ್ಪಿದರೆ ತಿದ್ದಬಹುದು; ಮಾದರಿ ಅಲ್ಲಿಯೇ ಇರುವುದು. ತೆಂಗಿನ ಹೆಸರನ್ನೇ ಹೊತ್ತ ಪಿಕ್ಸಿನೆ ಕೊಕೋಯಸ್ ಎಂಬ ಜಾತಿಯನ್ನು ಉದಾಹರಿಸಬಹುದು. ಸ್ವಾರ್ಟ್ಸನು 1788ರಲ್ಲಿ ಲಿನೇಯಸನ ಕುಲದೊಳಗೆ ಇದನ್ನು ಹೆಸರಿಸಿದನು. ನೈಲಾಂಡರನು 1857ರಲ್ಲಿ ಪಿಕ್ಸಿನೆ ಕುಲಕ್ಕೆ ಒಯ್ದನು. ಇಂದಿಗೂ ಹೆಸರಿನ ಮುಂದೆ ಮೊದಲಿಗನ ಹೆಸರು ಕಂಸದೊಳಗೆ, ಒಯ್ದವನದು ಹೊರಗೆ. ಪೂರ್ವಾಚಾರ್ಯಸ್ಮರಣೆಯೆಂದರೆ ಇದೇ. ಭಾರತದ ಬಯಲುಸೀಮೆಯ ಮರಗಳ ಮೇಲೆ ಈ ಜಾತಿ ಸಾಮಾನ್ಯ. ನೇರಳಾತೀತ ಬೆಳಕಿನಲ್ಲಿ ಹಿಡಿದರೆ ಇದರ ಬೂದುಮೈ ಹಳದಿಯಾಗಿ ಹೊಳೆಯುವುದು.

ಕಲ್ಲುಹೂವಿನ ಮೇಲೆಯೇ ವಾಸಿಸುವ ಶಿಲೀಂಧ್ರಗಳ ವಿಷಯ ಇನ್ನೂ ತೊಡಕಿನದು. ಕಣ್ಣಿಗೆ ಅವು ಬಹುಮಟ್ಟಿಗೆ ಕರಿಯ ಚುಕ್ಕೆಗಳು. ಆಶ್ರಯದ ಫಲಗಳೆಂದೇ ಭ್ರಮೆ ಹುಟ್ಟಿಸುವುವು. ಅಬ್ರೊಥಾಲಸ್ ಕುಲದ ಒಂದು ಜಾತಿಯನ್ನು ನಾರ್ವೆಯ ಸೊಮ್ಮರ್‌ಫೆಲ್ಟನು ಲೆಸಿಡಿಯ ಎಂಬ ಕಲ್ಲುಹೂವಿನ ಕುಲದಲ್ಲಿಯೇ ಮೊದಲು ಸೇರಿಸಿದ್ದನು. ಡೀಡೆರಿಕ್, ಲಾರಿ, ಎರ್ಟ್ಸ್ ಎಂಬವರು 2018ರಲ್ಲಿ ಕೊಟ್ಟ ಪಟ್ಟಿಯಲ್ಲಿ ಕಲ್ಲುಹೂವಿನ ಮೇಲಲ್ಲದೆ ಬೇರೆಲ್ಲಿಯೂ ಬಾಳದ ಇಂಥವು 2,000 ಇವೆ. ಭಾರತದ ಮಟ್ಟಿಗೆ ಯೋಗೇಶ ಜೋಷಿ ಮೊದಲಾದವರು 2016ರಲ್ಲಿ ಎಣಿಸಿದುದು 105 ಮಾತ್ರ; ಇದು ಇಲ್ಲದುದರ ಲೆಕ್ಕವಲ್ಲ, ನೋಡದುದರ ಲೆಕ್ಕ. ಇವಕ್ಕೆ ಕನ್ನಡದಲ್ಲಿ ಹೆಸರಿಡುವಾಗ 'ಬಂದಳಿಕೆ' ಎಂಬ ಮಾತು ಸಹಜವಾಗಿ ನಾಲಗೆಗೆ ಬರುವುದು. ಮಾವಿನ ಕೊಂಬೆಯ ಮೇಲೆ ಅದನ್ನು ಕಾಣದ ರೈತನಿಲ್ಲ. ಆದರೂ ಅದು ಯುಕ್ತವಲ್ಲ. ಬಂದಳಿಕೆ ಮರದ ಸಾರವನ್ನು ಹೀರುವುದೆಂದು ನಿಶ್ಚಯ. ಈ ಶಿಲೀಂಧ್ರಗಳಲ್ಲಿ ಕೆಲವು ಆಶ್ರಯವನ್ನು ಕೊಲ್ಲುವುವು, ಕೆಲವು ಗಂಟುಗಳನ್ನೆಬ್ಬಿಸುವುವು, ಮತ್ತೆ ಕೆಲವು ಯಾವ ಕೇಡನ್ನೂ ತೋರಿಸದೆ ಇರುವುವು. ಹೆಸರಿನಲ್ಲಿಯೇ ಅಪರಾಧವನ್ನು ಆರೋಪಿಸುವುದಕ್ಕಿಂತ 'ಕಲ್ಲುಹೂವಾಸಿ ಶಿಲೀಂಧ್ರ' ಎಂದು ಸ್ಥಾನಮಾತ್ರವನ್ನು ಹೇಳುವುದು ಲೇಸು. ಕಿವಿಗೆ ತುಸು ಒರಟೆಂಬುದನ್ನು ಒಪ್ಪಬೇಕು.

ಭಾರತದಲ್ಲಿ ಈ ಶಾಸ್ತ್ರವನ್ನು ನೆಲೆಗೊಳಿಸಿದವರು ಲಖನೌ ವಿಶ್ವವಿದ್ಯಾನಿಲಯದ ಧರಣೀಧರ ಅವಸ್ಥಿಯವರು (1922–2011). ಅವರ ಸಂಗ್ರಹವು ಆ ನಗರದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನ ಸಂಸ್ಥೆಯಲ್ಲಿದೆ. ಬೆಂಗಳೂರಿನ, ಅದರಲ್ಲಿಯೂ ಲಾಲ್‌ಬಾಗಿನ, ಕಲ್ಲುಹೂವುಗಳ ಹಂಚಿಕೆಯನ್ನೂ ಅವು ಹೀರಿಕೊಂಡ ಲೋಹಗಳನ್ನೂ ಕುರಿತು ನಾಯಕ, ಉಪ್ರೇತಿ, ಗಾಡ್ಗೀಳ್, ಪಾಂಡೆ ಇವರ ಲೇಖನ 2003ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂದಿತು. ಇಷ್ಟು ಸಾಮಗ್ರಿಯಿದ್ದೂ ನಿಘಂಟುಕಾರರು 'ಪಾಚಿ'ಯನ್ನು ಹಿಡಿದುಕೊಂಡಿರುವುದಕ್ಕೆ ಕಾರಣವಿಲ್ಲ. ಶೈಲೇಯಕ್ಕೆ ಅರ್ಥ ಬರೆಯುವಾಗ 'ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಕೂಡಿ ಆದ, ಕಲ್ಲು ಮರಗಳ ಮೇಲೆ ಬೆಳೆಯುವ, ಸಂಬಾರಕ್ಕೂ ಔಷಧಕ್ಕೂ ಬರುವ ಜೀವ' ಎಂದರೆ ದೋಷವಿಲ್ಲ. ಒಂದು ಲ್ಯಾಟಿನ್ ಹೆಸರನ್ನು ಅದರ ಪಕ್ಕದಲ್ಲಿ ಅಂಟಿಸುವ ಚಾಪಲ್ಯ ಮಾತ್ರ ಬೇಡ. ಅಂಗಡಿಯ ಪೊಟ್ಟಣದಲ್ಲಿ ಪಾರ್ಮೊಟ್ರೀಮ ಕುಲದ ಜಾತಿಗಳೂ ಎವರ್ನಿಯಾಸ್ಟ್ರಮ್ ಎಂದು ಹೆಸರಾದುದೂ ಬೆರೆತೇ ಬರುತ್ತವೆ. ಮಸಾಲೆಗೆ ಒಯ್ಯುವ ಒಂದು ಹಿಡಿ ಕಲ್ಲುಹೂವಿನಲ್ಲಿ ಎಷ್ಟು ಜಾತಿಗಳಿವೆಯೆಂಬುದನ್ನು ಪೊಟ್ಟಣ ಬಿಚ್ಚಿ, ಒಂದೊಂದಾಗಿ ನೋಡಿಯೇ ಹೇಳಬೇಕು.